ಕಾಪಿಟ್ಟ ಮಾಂಸದಲ್ಲಿಯ ಉಪ್ಪು: ಅದರ ಕಾರಣ ಮತ್ತು ಪರಿಮಾಣ

ಪದಾರ್ಥದ ಹೆಸರಿನಲ್ಲಿಯೇ ಅದರ ಸ್ವಭಾವವು ಅಡಗಿರುವುದುಂಟು. ಕನ್ನಡದ ‘ಉಪ್ಪಿನಕಾಯಿ’ ಇದಕ್ಕೆ ಸುಲಭವಾದ ನಿದರ್ಶನ. ಇಂಗ್ಲಿಷಿನ ‘ಸಾಸೇಜ್’ ಎಂಬ ಶಬ್ದವೂ ಇದೇ ಜಾತಿಯದು. ‘ಉಪ್ಪು ಹಾಕಿದ್ದು’ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದು ಹುಟ್ಟಿತು. ಇಟಲಿಯ ‘ಸಲಾಮಿ’ಯ ಮೂಲದಲ್ಲಿಯೂ ಉಪ್ಪಿನ ಹೆಸರೇ ಇದೆ. ಅಂದಮೇಲೆ ಇಂಥ ಮಾಂಸಗಳಲ್ಲಿ ಉಪ್ಪು ಅಧಿಕವಾಗಿರುವುದು ಆಶ್ಚರ್ಯದ ಸಂಗತಿಯಲ್ಲ. ವಿಚಾರಿಸಬೇಕಾದುದು ಬೇರೆ: ಉಪ್ಪು ಇಲ್ಲಿ ಯಾವ ಕೆಲಸಕ್ಕಾಗಿ ಸೇರಿತು? ಆ ಕೆಲಸವು ಇಂದಿಗೂ ಉಳಿದಿದೆಯೆ? ಉಳಿದಿದ್ದರೆ ಅದಕ್ಕೆ ಎಷ್ಟು ಉಪ್ಪು ಸಾಕು? ಈ ಮೂರಕ್ಕೆ ಉತ್ತರ ದೊರೆತರೆ ತಿನ್ನುವವನು ತನ್ನ ತಟ್ಟೆಯ ಲೆಕ್ಕವನ್ನು ತಾನೇ ಮಾಡಿಕೊಳ್ಳಬಲ್ಲನು.

ಹಂದಿಯ ತೊಡೆಯನ್ನು ಉಪ್ಪಿನಲ್ಲಿ ಹುದುಗಿಸಿ ಕಾಪಿಡುವ ವಿಧಾನವು ಬಹು ಪ್ರಾಚೀನವಾದುದು. ಕ್ರಿ. ಪೂ. ೨ನೆಯ ಶತಮಾನದ ರೋಮನ್ ಲೇಖಕನಾದ ಕೇಟೋ ತನ್ನ ಕೃಷಿಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ. ತೊಡೆಗಳನ್ನು ಉಪ್ಪಿನ ನಡುವೆ ಪದರಪದರವಾಗಿ ಜಾಡಿಯಲ್ಲಿರಿಸಿ, ಕೆಲದಿನಗಳ ಮೇಲೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ, ೧೨ ದಿನಗಳ ನಂತರ ಹೊರದೆಗೆದು, ಗಾಳಿಗೆ ತೂಗುಹಾಕಿ, ಹೊಗೆಯಲ್ಲಿಟ್ಟು, ಎಣ್ಣೆ ಮತ್ತು ಹುಳಿರಸಗಳನ್ನು ಸವರಬೇಕೆಂದು ಅವನು ಹೇಳುತ್ತಾನೆ. ಮಂಜುಗಡ್ಡೆಯೂ ಶೀತಲಪೆಟ್ಟಿಗೆಯೂ ಇಲ್ಲದ ಕಾಲದಲ್ಲಿ ಚಳಿಗಾಲಕ್ಕೂ ದೀರ್ಘವಾದ ಕಡಲಯಾನಕ್ಕೂ ಉಪ್ಪಿಕ್ಕಿದ ಮಾಂಸವೇ ಆಧಾರವಾಗಿತ್ತು.

ಉಪ್ಪು ಮಾಂಸವನ್ನು ಕಾಯುವ ಬಗೆ ಹೀಗಿದೆ. ಮಾಂಸದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ ಇರುತ್ತದೆ. ಸೂಕ್ಷ್ಮಜೀವಿಗಳು ಬೆಳೆಯುವುದಕ್ಕೆ ಆ ನೀರು ಅವಶ್ಯಕ. ಉಪ್ಪು ಒಳಹೊಕ್ಕಂತೆ ನೀರಿನ ಒಂದಂಶವು ಹೊರಗೆ ಬಸಿಯುತ್ತದೆ. ಉಳಿದುದು ಉಪ್ಪಿಗೆ ವಶವಾಗಿ ಸೂಕ್ಷ್ಮಜೀವಿಗಳ ಉಪಯೋಗಕ್ಕೆ ದೊರೆಯದಾಗುತ್ತದೆ. ನೀರಿದ್ದೂ ಅವುಗಳಿಗೆ ಬರಗಾಲ ಬಂದಂತಾಗುತ್ತದೆ.

ಇದರಲ್ಲಿ ಪ್ರಾಣದ ಪ್ರಶ್ನೆಯೇ ಅಡಗಿತ್ತು. ೧೮೯೫ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲ್ಝೆಲ್ ಎಂಬ ಊರಿನಲ್ಲಿ ಒಂದು ಉತ್ತರಕ್ರಿಯೆಗೆ ಬಂದ ವಾದ್ಯಗಾರರು ಹ್ಯಾಮ್ ತಿಂದು ವಿಷಬಾಧೆಗೆ ಗುರಿಯಾದರು, ಮೂವರು ತೀರಿಕೊಂಡರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸವನ್ನು ಪರೀಕ್ಷಿಸಿ, ಗಾಳಿಯಿಲ್ಲದೆಡೆಯಲ್ಲಿ ಬೆಳೆದು ವಿಷವನ್ನು ಸ್ರವಿಸುವ ಒಂದು ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಉಪ್ಪು ಸಾಕಷ್ಟು ಇದ್ದಲ್ಲಿ ಈ ವಿಷವು ಹುಟ್ಟುವುದಿಲ್ಲವೆಂಬುದೂ ಅವನ ನಿರ್ಣಯಗಳಲ್ಲಿ ಒಂದು. ಈ ರೋಗಕ್ಕೆ ‘ಬೊಟುಲಿಸಂ’ ಎಂಬ ಹೆಸರು ಬಂದದ್ದು ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ಇರುವ ‘ಬೊಟುಲಸ್’ ಎಂಬ ಶಬ್ದದಿಂದ. ಆದುದರಿಂದ ಹಿಂದಿನವರು ಉಪ್ಪನ್ನು ಧಾರಾಳವಾಗಿ ಬಳಸಿದುದು ಕೇವಲ ನಾಲಿಗೆಯ ಚಾಪಲ್ಯದಿಂದಲ್ಲ.

ಉಪ್ಪಿನೊಡನೆ ಪೆಟ್ಲುಪ್ಪನ್ನು ಬೆರೆಸುವ ರೂಢಿಯೂ ಬಹುಕಾಲದಿಂದ ಇತ್ತು. ಅದರಿಂದ ಹುಟ್ಟುವ ನೈಟ್ರೈಟ್ ಎಂಬ ಲವಣವೇ ಮಾಂಸಕ್ಕೆ ಗುಲಾಬಿ ಬಣ್ಣವನ್ನು ಕೊಡುತ್ತದೆಂದೂ, ಬೊಟುಲಿಸಂ ವಿಷದ ಹುಟ್ಟನ್ನು ತಡೆಯುತ್ತದೆಂದೂ ಕಾಲಾನಂತರದಲ್ಲಿ ತಿಳಿದುಬಂತು. ಈಗ ಕಾರಖಾನೆಗಳಲ್ಲಿ ಸೋಡಿಯಂ ನೈಟ್ರೈಟನ್ನೇ ನೇರವಾಗಿ ಸೇರಿಸುತ್ತಾರೆ. ಹೆಸರಿನಲ್ಲಿ ಸೋಡಿಯಂ ಇದ್ದರೂ ಅದರ ಪ್ರಮಾಣವು ಅತ್ಯಲ್ಪವಾದುದರಿಂದ ಮಾಂಸದ ಸೋಡಿಯಂ ಭಾರವೆಲ್ಲ ಪ್ರಧಾನವಾಗಿ ಅಡಿಗೆಯ ಉಪ್ಪಿನಿಂದಲೇ ಬಂದುದು. ೨೦೧೫ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿತು. ಆ ಚರ್ಚೆ ಬೇರೆ, ಉಪ್ಪಿನ ಚರ್ಚೆ ಬೇರೆ. ಇವೆರಡನ್ನೂ ಬೆರೆಸಿದರೆ ಗೊಂದಲವಾಗುತ್ತದೆ. ಇಟಲಿಯ ಪಾರ್ಮಾ ಹ್ಯಾಮಿನಲ್ಲಿ ನೈಟ್ರೈಟಿಗೆ ಎಡೆಯೇ ಇಲ್ಲ. ಮಾಂಸ, ಉಪ್ಪು, ಗಾಳಿ ಮತ್ತು ಒಂದು ವರ್ಷಕ್ಕೂ ಮಿಕ್ಕಿದ ಕಾಲ, ಇಷ್ಟರಿಂದಲೇ ಅದು ಸಿದ್ಧವಾಗುತ್ತದೆ. ಆದರೂ ಅದರ ೧೦೦ ಗ್ರಾಂನಲ್ಲಿ ೪ ಗ್ರಾಂಗೂ ಮಿಕ್ಕಿ ಉಪ್ಪಿರುತ್ತದೆ. ನೈಟ್ರೈಟ್ ಇಲ್ಲವೆಂಬ ಮಾತ್ರದಿಂದ ಉಪ್ಪು ಕಡಿಮೆಯೆಂದು ತಿಳಿಯಲಾಗದು.

ಉಪ್ಪಿಗೆ ಮತ್ತೊಂದು ಕೆಲಸವೂ ಉಂಟು. ಅರೆದ ಮಾಂಸಕ್ಕೆ ನೂರಕ್ಕೆ ಸುಮಾರು ೨ರಂತೆ ಉಪ್ಪು ಬೆರೆತಾಗ ಮಾಂಸದ ಕೆಲವು ಸಸಾರಜನಕ ವಸ್ತುಗಳು ಕರಗಿ ಅಂಟಾಗುತ್ತವೆ. ಆ ಅಂಟು ಕೊಬ್ಬನ್ನೂ ನೀರನ್ನೂ ಹಿಡಿದಿಡುತ್ತದೆ. ಬೇಯಿಸಿದಾಗ ಸಾಸೇಜು ಪುಡಿಯಾಗದೆ ಗಟ್ಟಿಯಾಗಿ ನಿಲ್ಲುತ್ತದೆ. ಹಿಡಿದಿಟ್ಟ ನೀರು ತೂಕವನ್ನು ಹೆಚ್ಚಿಸುವುದರಿಂದ ವ್ಯಾಪಾರಿಗೂ ಇದರಲ್ಲಿ ಲಾಭವಿದೆ. ಇದೇ ಉದ್ದೇಶಕ್ಕಾಗಿ ಸೋಡಿಯಂ ಫಾಸ್ಫೇಟುಗಳನ್ನೂ ಕೆಲವೆಡೆ ಸೇರಿಸುತ್ತಾರೆ. ಅವು ಉಪ್ಪಿನಂತೆ ನಾಲಿಗೆಗೆ ತಿಳಿಯುವುದಿಲ್ಲ, ಆದರೆ ಸೋಡಿಯಂ ಲೆಕ್ಕಕ್ಕೆ ಸೇರುತ್ತವೆ.

ಈಗ ಪರಿಮಾಣವನ್ನು ನೋಡಬಹುದು. ಹಸಿಯ ಹಂದಿಮಾಂಸದ ೧೦೦ ಗ್ರಾಂನಲ್ಲಿ ಸಹಜವಾಗಿ ಇರುವ ಸೋಡಿಯಂ ಸುಮಾರು ೬೦ ಮಿಲಿಗ್ರಾಂ. ಬೇಯಿಸಿದ ಹ್ಯಾಮಿನಲ್ಲಿ ಅದು ಸಾಮಾನ್ಯವಾಗಿ ೯೦೦ರಿಂದ ೧,೨೦೦ಕ್ಕೆ ಏರುತ್ತದೆ; ಸಲಾಮಿಯಲ್ಲಿ ೧,೫೦೦ರಿಂದ ೨,೦೦೦ದವರೆಗೂ ಹೋಗುತ್ತದೆ. ಒಣಗಿಸಿದ ಬಗೆಗಳಲ್ಲಿ ಇಷ್ಟು ಹೆಚ್ಚಾಗುವುದೇಕೆಂಬುದು ಸರಳ ಗಣಿತದಿಂದ ತಿಳಿಯುತ್ತದೆ. ೧೦೦ ಗ್ರಾಂ ಮಿಶ್ರಣದಲ್ಲಿ ಎರಡೂವರೆ ಗ್ರಾಂ ಉಪ್ಪು ಇದೆಯೆಂದಿಟ್ಟುಕೊಂಡರೆ, ೩೫ ಗ್ರಾಂ ನೀರು ಆರಿಹೋದ ಮೇಲೆ ಉಳಿಯುವ ೬೫ ಗ್ರಾಂನಲ್ಲಿ ಅದೇ ಎರಡೂವರೆ ಗ್ರಾಂ ಉಪ್ಪು ಇರುತ್ತದೆ. ನೂರಕ್ಕೆ ಎಣಿಸಿದರೆ ಸುಮಾರು ೩.೮ ಗ್ರಾಂ ಆಯಿತು. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ೧೮೮೨ರಲ್ಲಿ ‘ಡುನೆಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಘನೀಕರಿಸಿದ ಮಾಂಸವನ್ನು ಹೊತ್ತು ಲಂಡನ್ನಿಗೆ ಸುರಕ್ಷಿತವಾಗಿ ತಲುಪಿತು. ಸಮಭಾಜಕವೃತ್ತವನ್ನು ದಾಟಿ ಮೂರು ತಿಂಗಳು ಸಾಗಿ ಬಂದರೂ ಮಾಂಸವು ಕೆಡದೆ ಉಳಿದದ್ದು ಶೈತ್ಯದ ಬಲದಿಂದ, ಉಪ್ಪಿನ ಬಲದಿಂದಲ್ಲ. ಅಂದಿನಿಂದ ಕಾವಲಿನ ಕೆಲಸದಲ್ಲಿ ಬಹುಪಾಲನ್ನು ಶೈತ್ಯವು ವಹಿಸಿಕೊಂಡಿತು. ಉಪ್ಪಿನ ಪ್ರಮಾಣವು ಹಿಂದಿಗಿಂತ ಇಳಿದದ್ದೂ ನಿಜ. ಆದರೆ ಕಾವಲಿನ ಅಗತ್ಯ ಇಳಿದಷ್ಟು ಉಪ್ಪು ಇಳಿಯಲಿಲ್ಲ. ರೂಢಿಯಾದ ರುಚಿ, ಅಂಟಿನ ಗುಣ, ವ್ಯಾಪಾರದ ಅನುಕೂಲ, ಇವು ಅದನ್ನು ಹಿಡಿದು ನಿಲ್ಲಿಸಿದವು. ಹಾಗೆಂದು ಅದನ್ನು ಒಮ್ಮೆಲೇ ತೆಗೆದುಹಾಕುವುದೂ ಅಪಾಯಕರ. ಕಾವಲುಗಾರನನ್ನು ಬಿಡಿಸುವ ಮೊದಲು ಬೀಗವು ಭದ್ರವಾಗಿದೆಯೆ ಎಂದು ನೋಡಬೇಕಾಗುತ್ತದೆ.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯು ನೀತಿಯ ಮಾತಾಗಿ ಪ್ರಸಿದ್ಧವಾಗಿದೆ; ಶರೀರಶಾಸ್ತ್ರದ ದೃಷ್ಟಿಯಿಂದಲೂ ಅದು ಅಕ್ಷರಶಃ ಸತ್ಯ. ದೇಹದಲ್ಲಿ ಸೋಡಿಯಂ ಹೆಚ್ಚಿದಾಗ ಅದು ನೀರನ್ನು ತನ್ನೊಡನೆ ಹಿಡಿದುಕೊಳ್ಳುತ್ತದೆ. ರಕ್ತನಾಳಗಳಲ್ಲಿ ದ್ರವದ ಪ್ರಮಾಣ ಹೆಚ್ಚಿ ಒತ್ತಡ ಏರುತ್ತದೆ. ಹೆಚ್ಚಿದುದನ್ನು ಹೊರಹಾಕುವ ಹೊಣೆ ಮೂತ್ರಪಿಂಡಗಳದು. ವಯಸ್ಸಾದಂತೆ, ಅಥವಾ ರೋಗದಿಂದ, ಅವುಗಳ ಶಕ್ತಿ ಕುಂದಿದರೆ ಬಾಕಿಯು ಬೆಳೆಯುತ್ತದೆ. ಏರಿದ ರಕ್ತದೊತ್ತಡವು ಬಹುಕಾಲ ಯಾವ ಸೂಚನೆಯನ್ನೂ ಕೊಡದೆ ಇದ್ದು, ಕಡೆಗೆ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ಪ್ರಕಟವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕನಿಗೆ ದಿನಕ್ಕೆ ೨,೦೦೦ ಮಿಲಿಗ್ರಾಂ ಸೋಡಿಯಂ, ಎಂದರೆ ೫ ಗ್ರಾಂ ಉಪ್ಪು, ಮೀರಬಾರದ ಮಿತಿ. ಎಲ್ಲ ಆಹಾರಗಳಿಂದ ಬರುವ ಉಪ್ಪೂ ಇದರಲ್ಲಿಯೇ ಸೇರಬೇಕು.

ನಗರದ ಸಾಮಾನ್ಯ ಉಪಾಹಾರವೊಂದನ್ನು ಈ ಮಿತಿಗೆ ಹಿಡಿದು ನೋಡಬಹುದು. ೫೦ ಗ್ರಾಂ ಹ್ಯಾಮಿನಿಂದ ಸುಮಾರು ೫೦೦ ಮಿಲಿಗ್ರಾಂ, ಎರಡು ಹೋಳು ಬ್ರೆಡ್ಡಿನಿಂದ ಸುಮಾರು ೩೦೦, ಚೀಸಿನ ಒಂದು ತೆಳು ಬಿಲ್ಲೆಯಿಂದ ಸುಮಾರು ೨೫೦: ಒಟ್ಟು ೧,೦೫೦ ಆಯಿತು. ಮಧ್ಯಾಹ್ನದ ಸಾರು, ಹುಳಿ, ಉಪ್ಪಿನಕಾಯಿಗಳು ಬರುವ ಮೊದಲೇ ದಿನದ ಅರ್ಧಕ್ಕಿಂತ ಹೆಚ್ಚು ಖರ್ಚಾಗಿ ಹೋಗಿದೆ. ನಾಲಿಗೆಯು ಇದನ್ನು ಎಚ್ಚರಿಸುವುದಿಲ್ಲ. ಬ್ರೆಡ್ಡು ಉಪ್ಪೆನಿಸುವುದಿಲ್ಲ, ಕೊಬ್ಬು, ಸಕ್ಕರೆ, ಮಸಾಲೆಗಳ ನಡುವೆ ಹ್ಯಾಮಿನ ಉಪ್ಪೂ ಮರೆಯಾಗುತ್ತದೆ.

ತಯಾರಿಕೆಯಲ್ಲಿಯೇ ಉಪ್ಪನ್ನು ಮೆಲ್ಲಮೆಲ್ಲನೆ ಇಳಿಸುವುದು ಸಾಧ್ಯವೆಂಬುದಕ್ಕೆ ಬ್ರಿಟನ್ನಿನ ಅನುಭವ ಸಾಕ್ಷಿಯಾಗಿದೆ. ೨೦೦೬ರಲ್ಲಿ ಅಲ್ಲಿಯ ಆಹಾರ ಇಲಾಖೆಯು ಬ್ರೆಡ್, ಬೇಕನ್, ಹ್ಯಾಮ್, ಸಾಸೇಜ್ ಮುಂತಾದವುಗಳಿಗೆ ಉಪ್ಪಿನ ಗುರಿಗಳನ್ನು ಪ್ರಕಟಿಸಿತು. ೨೦೦೧ರ ಸುಮಾರಿಗೆ ತಲೆಗೆ ದಿನಕ್ಕೆ ೯.೫ ಗ್ರಾಂ ಇದ್ದ ಉಪ್ಪಿನ ಸೇವನೆಯು ೨೦೧೧ರ ಹೊತ್ತಿಗೆ ೮.೧ ಗ್ರಾಂಗೆ ಇಳಿಯಿತು. ಭಾರತದಲ್ಲಿ ೨೦೨೦ರ ನಿಯಮಗಳು ಪೊಟ್ಟಣದ ಪೋಷಕಾಂಶ ಪಟ್ಟಿಯಲ್ಲಿ ಸೋಡಿಯಂ ಪ್ರಮಾಣವನ್ನು ನಮೂದಿಸುವುದನ್ನು ಕಡ್ಡಾಯಗೊಳಿಸಿದವು. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕವು ಬರುತ್ತದೆ: ೧,೦೦೦ ಮಿಲಿಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು. ಅಂಕಿಯು ೧೦೦ ಗ್ರಾಂಗೆ ಸಂಬಂಧಿಸಿದ್ದೋ, ಒಂದು ಬಾರಿ ಬಡಿಸುವ ಪ್ರಮಾಣಕ್ಕೆ ಸಂಬಂಧಿಸಿದ್ದೋ ಎಂಬುದನ್ನೂ ನೋಡಿಕೊಳ್ಳುವುದು ಅವಶ್ಯ.

ಈ ವಿಚಾರವು ಕನ್ನಡಿಗರಿಗೆ ಹೊರಗಿನದೆನ್ನುವಂತಿಲ್ಲ. ಕರಾವಳಿಯ ಒಣಮೀನು, ಗೋವೆಯಿಂದ ಮುಂಬಯಿಗೆ ಬರುವ ಹುಳಿಖಾರದ ಸಾಸೇಜು, ಮಾಂಸವನ್ನೇ ಮುಟ್ಟದವರ ಮನೆಯ ಉಪ್ಪಿನಕಾಯಿ ಹಪ್ಪಳಗಳು, ಎಲ್ಲವೂ ಉಪ್ಪಿನ ಕಾವಲಿನಲ್ಲಿಯೇ ಬದುಕುವವು. ಕೊಡಗಿನ ಪಂದಿಕರಿಯಂತೆ ಹಸಿಯ ಮಾಂಸದಿಂದ ಮಾಡಿದ ಅಡಿಗೆಯಲ್ಲಾದರೋ ಉಪ್ಪು ಎಷ್ಟೆಂಬುದು ಅಡಿಗೆಯವರ ಕೈಯಲ್ಲಿರುತ್ತದೆ. ಕಾಪಿಟ್ಟ ಮಾಂಸದಲ್ಲಿ ಆ ನಿರ್ಣಯವು ಬೇರೆಡೆಯಲ್ಲಿ ಮೊದಲೇ ಆಗಿಹೋಗಿರುತ್ತದೆ. ಹಸಿಯ ಹ್ಯಾಮನ್ನೂ ಒಣಮೀನನ್ನೂ ನೀರಿನಲ್ಲಿ ನೆನೆಯಿಟ್ಟು ಆ ನೀರನ್ನು ಚೆಲ್ಲಿದರೆ ಉಪ್ಪಿನ ಒಂದಂಶವು ಹೋಗುತ್ತದೆ. ಸಲಾಮಿ, ಸಾಸೇಜುಗಳಿಗೆ ಈ ಉಪಾಯವಿಲ್ಲ. ಅಲ್ಲಿ ತುಂಡನ್ನು ಚಿಕ್ಕದು ಮಾಡುವುದು, ತಿನ್ನುವ ದಿನಗಳನ್ನು ವಿರಳಗೊಳಿಸುವುದು, ಅಂದಿನ ಉಳಿದ ಅಡಿಗೆಗೆ ಉಪ್ಪನ್ನು ತಗ್ಗಿಸುವುದು, ಇವೇ ದಾರಿಗಳು. ಮನೆಯಲ್ಲಿ ರಕ್ತದೊತ್ತಡದವರೋ ಮೂತ್ರಪಿಂಡದ ರೋಗಿಗಳೋ ಇದ್ದಲ್ಲಿ ವೈದ್ಯರ ಮಾತೇ ಪ್ರಮಾಣ. ಉಳಿದವರಿಗೆ ಪೊಟ್ಟಣದ ಹಿಂಬದಿಯ ಒಂದು ಸಾಲನ್ನು ಓದಿ ಗುಣಿಸುವಷ್ಟು ವ್ಯವಧಾನವಿದ್ದರೆ ಸಾಕು.