ಮಾರ್ಜಾರಸೇವೆಯೂ ಪಕ್ಷಿದರ್ಶನವೂ

ಬೆಕ್ಕನ್ನು ಸಾಕುವವರು ಹಕ್ಕಿಗಳಿಗೆ ಹಗೆಗಳೆಂದೂ, ಹಕ್ಕಿಗಳನ್ನು ನೋಡಿ ನಲಿಯುವವರು ಬೆಕ್ಕನ್ನು ಕಂಡೊಡನೆ ಕಲ್ಲೆತ್ತುವರೆಂದೂ ಲೋಕದಲ್ಲಿ ಒಂದು ಭಾವನೆಯುಂಟು. ಹಿತೋಪದೇಶವನ್ನು ಓದಿದ ವಾಚಕರಿಗೆ ದೀರ್ಘಕರ್ಣನೆಂಬ ಬೆಕ್ಕಿನ ನೆನಪಿರಬಹುದು. ಆ ಧೂರ್ತನು ಭಾಗೀರಥೀತೀರದ ಮರದ ಪೊಟರೆಯಲ್ಲಿದ್ದ ಜರದ್ಗವನೆಂಬ ಮುದಿ ಹದ್ದನ್ನು ಧರ್ಮದ ಮಾತುಗಳಿಂದ ಮರುಳುಮಾಡಿ, ಅಲ್ಲಿಯೇ ನೆಲಸಿ, ಹಕ್ಕಿಮರಿಗಳನ್ನು ಒಂದೊಂದಾಗಿ ತಿಂದು ಓಡಿಹೋದನು. ಪೊಟರೆಯಲ್ಲಿ ಸಿಕ್ಕಿದ ಎಲುಬುಗಳಿಗಾಗಿ ಪ್ರಾಣ ತೆತ್ತುದು ಹದ್ದು. ಎಷ್ಟೋ ವರ್ಷ ಈ ಕಥೆಯನ್ನು ಪಾಠ ಹೇಳಿದ ನಾನು ಈಗ ವಾರಕ್ಕೊಂದು ದಿನ, ಬೆಳಗ್ಗೆ ದೀರ್ಘಕರ್ಣನ ವಂಶದವರ ಸೇವೆಯನ್ನೂ ಸಂಜೆ ಪಕ್ಷಿಗಳ ದರ್ಶನವನ್ನೂ ಮಾಡುತ್ತಿರುವೆನು. ಇವೆರಡೂ ಹೇಗೆ ಕೂಡಿದುವೆಂದು ಮಿತ್ರರು ಕೇಳುವುದುಂಟು. ಕಳೆದ ಚೈತ್ರಮಾಸದ ಒಂದು ದಿನದ ವೃತ್ತಾಂತವನ್ನು ಹೇಳುವೆನು.

ಮೈಸೂರಿನ ಅಂಚಿನಲ್ಲಿ ಕೆಲವರು ದಯಾಳುಗಳು ಸೇರಿ ಅನಾಥ ಬೆಕ್ಕುಗಳಿಗೊಂದು ಆಶ್ರಯಸ್ಥಾನವನ್ನು ನಡೆಸುತ್ತಿರುವರು. ಸಂಬಳವಿಲ್ಲದ ನನ್ನಂಥವರ ಕೆಲಸವು ಮರಳಿನ ತಟ್ಟೆಗಳನ್ನು ಬರಿದುಮಾಡುವುದು, ಬಟ್ಟಲುಗಳನ್ನು ಬಿಸಿನೀರಿನಲ್ಲಿ ತೊಳೆಯುವುದು, ನೆಲವನ್ನು ಸಾರಿಸುವುದು. ಅಮರಕೋಶದಲ್ಲಿ ಬೆಕ್ಕಿಗೆ ಐದು ಹೆಸರುಗಳಿವೆ. ಅವುಗಳಲ್ಲಿ ಮಾರ್ಜಾರವೆಂಬುದು ಶುಚಿಮಾಡುವುದೆಂಬ ಅರ್ಥದ ಧಾತುವಿನಿಂದ ಬಂದುದು. ತನ್ನ ಮೈಯನ್ನು ದಿನಕ್ಕೆ ಹತ್ತು ಸಲ ನೆಕ್ಕಿ ಚೊಕ್ಕಟಮಾಡಿಕೊಳ್ಳುವ ಈ ಪ್ರಾಣಿಯು ಕೊಠಡಿಯ ವಿಷಯದಲ್ಲಿ ಮಾತ್ರ ಧಾತ್ವರ್ಥವನ್ನು ಪಾಲಿಸುವುದಿಲ್ಲವಾದುದರಿಂದ ಪೊರಕೆಯು ನನ್ನ ಪಾಲಿಗೆ ಬಂದಿದೆ.

ಅಂದು ಬೆಳಗ್ಗೆ ಯಾರೋ ರಟ್ಟಿನ ಪೆಟ್ಟಿಗೆಯೊಂದನ್ನು ಬಾಗಿಲಲ್ಲಿಟ್ಟು ಹೋಗಿದ್ದರು. ಒಳಗೆ ಇನ್ನೂ ಕಣ್ಣು ತೆರೆಯದ ನಾಲ್ಕು ಮರಿಗಳು. ಬೆಕ್ಕಿನ ಮರಿಗೆ ಕಣ್ಣು ಬಿಡಲು ಒಂದು ವಾರಕ್ಕೂ ಮೇಲಾಗುವುದರಿಂದ ಅವುಗಳ ವಯಸ್ಸನ್ನು ಊಹಿಸಬಹುದಾಗಿತ್ತು. ನಾನು ಹಾಲಿನ ಪುಡಿಯ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಅಲ್ಲಿಯ ಮೇಲ್ವಿಚಾರಣೆಯ ಹುಡುಗಿ, “ಮೇಷ್ಟ್ರೇ, ಮೊದ್ಲು ಮೈ ಬೆಚ್ಚಗಾಗ್ಲಿ, ಆಮೇಲೆ ಹಾಲು” ಎಂದಳು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು. ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಅರ್ಧ ಗಂಟೆ ಕಳೆದ ಮೇಲೆ ಹಾಲನ್ನು ತೊಟ್ಟುತೊಟ್ಟಾಗಿ ಕುಡಿಸಬೇಕು. ನಮ್ಮ ಗೃಹಿಣಿಯರು ಕರುಣೆಯಿಂದ ಹಸುವಿನ ಹಾಲನ್ನು ಎರೆಯುವುದುಂಟು; ಅದರಿಂದ ಭೇದಿಯಾಗಿ ಮರಿಗಳು ಸಾಯುವುದೇ ಹೆಚ್ಚು. ಅವುಗಳಿಗೆಂದೇ ತಯಾರಿಸಿದ ಪುಡಿಯು ದೊರೆಯುತ್ತದೆ. ಮಗುವನ್ನು ಮಲಗಿಸಿಕೊಂಡಂತೆ ಅಂಗಾತವಾಗಿ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವುದು, ಹೊಟ್ಟೆ ಕೆಳಗಾಗಿರಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಈ ಕ್ರಮ ನಡೆಯಬೇಕು. ಕುಡಿದ ಮೇಲೆ ಒದ್ದೆ ಅರಳೆಯಿಂದ ಒರೆಸದಿದ್ದರೆ ಎಳೆಯ ಮರಿಗೆ ಮೂತ್ರವೂ ತಾನಾಗಿ ಬಾರದು. ಶ್ರೀವೈಷ್ಣವರಲ್ಲಿ ತೆಂಗಲೆಯವರು ಹೇಳುವ ಮಾರ್ಜಾರಕಿಶೋರನ್ಯಾಯದಲ್ಲಿ, ಕಪಿಯ ಮರಿಯು ತಾಯಿಯನ್ನು ತಾನೇ ಅವುಚಿಕೊಳ್ಳುವಂತೆ ಬೆಕ್ಕಿನ ಮರಿಯು ಮಾಡುವುದಿಲ್ಲ, ಎಲ್ಲವೂ ತಾಯಿಯ ಭಾರ. ಆ ಭಾರವೆಷ್ಟೆಂಬುದನ್ನು ಶಾಸ್ತ್ರಗ್ರಂಥಗಳಿಗಿಂತ ಆ ಮೂರು ಗಂಟೆಗಳು ನನಗೆ ಚೆನ್ನಾಗಿ ತಿಳಿಸಿದುವು. ಮೂರು ಮರಿಗಳು ಹಾಲನ್ನು ಹೀರಿದುವು. ನಾಲ್ಕನೆಯದು ನನ್ನ ಅಂಗೈಯಲ್ಲಿಯೇ ಮಧ್ಯಾಹ್ನಕ್ಕೆ ಮುಂಚೆ ತಣ್ಣಗಾಯಿತು. ಹುಡುಗಿಯು ಅದನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಉಳಿದ ಮೂರರ ಸರದಿ ಮತ್ತೆ ಬಂದಿತ್ತು.

ಅಂದಿನ ಕಠಿನವಾದ ಪ್ರಶ್ನೆ ಬೇರೊಂದಿತ್ತು. ಕುಕ್ಕರಹಳ್ಳಿ ಕೆರೆಯ ಹತ್ತಿರ ಹಿಡಿದು ತಂದಿದ್ದ ಪಟ್ಟೆಯ ಬೆಕ್ಕೊಂದಕ್ಕೆ ಸಂತಾನನಿರೋಧದ ಶಸ್ತ್ರಚಿಕಿತ್ಸೆಯಾಗಿ, ಗುರುತಿಗೆ ಕಿವಿಯ ತುದಿಯನ್ನು ಕತ್ತರಿಸಿ, ಗಾಯವೂ ಮಾಗಿತ್ತು. ಹಿಡಿದ ಸ್ಥಳದಲ್ಲಿಯೇ ಬಿಡುವುದು ಪದ್ಧತಿ. ಆದರೆ ಆ ಬಯಲಿನಲ್ಲಿ ಟಿಟ್ಟಿಭವು ನೆಲದ ಮೇಲೆ ಮೊಟ್ಟೆಯಿಟ್ಟಿರುವುದನ್ನು ನಾನು ಹಿಂದಿನ ವಾರ ನೋಡಿದ್ದೆನು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭವು ನಿಂತಿತು. ಮನುಷ್ಯರೊಡನೆ ಬಂದ ಬೆಕ್ಕುಗಳು ಕೆಲವೇ ವರ್ಷಗಳಲ್ಲಿ ಅಲ್ಲಿಯ ಹಾರಲಾರದ ಪುಟ್ಟ ಹಕ್ಕಿಯೊಂದರ ಕುಲವನ್ನೇ ನಿರ್ಮೂಲಮಾಡಿದುವು. ಮೈಸೂರು ದ್ವೀಪವಲ್ಲ, ನಿಜ. ಸೈಪ್ರಸ್ಸಿನಲ್ಲಿ ಸುಮಾರು 9,500 ವರ್ಷಗಳ ಹಿಂದೆಯೇ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನು ಹೂಳಿದ್ದುದು ಕಂಡುಬಂದಿದೆ. ಅಷ್ಟು ಹಳೆಯ ಒಡನಾಡಿಯನ್ನು ಕೊಲ್ಲೆಂದು ಯಾರೂ ಹೇಳಲಾರರು. ಆದರೂ ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡದೆಂಬ ಮಾತು ಸುಳ್ಳು. ಹಸಿವೆ ಬೇರೆ, ಬೇಟೆಯ ಚಾಪಲ್ಯ ಬೇರೆ.

ಕೆರೆಯ ಬಳಿಯ ಬೀದಿಯಲ್ಲಿ ಅದಕ್ಕೆ ಅನ್ನ ಹಾಕುತ್ತಿದ್ದ ವೃದ್ಧೆಯೊಬ್ಬರಿದ್ದರು. ಸಂಜೆ ಬುಟ್ಟಿಯೊಡನೆ ಅವರ ಮನೆಗೆ ಹೋಗಿ, ಮಳೆಗಾಲ ಕಳೆಯುವವರೆಗೆ ಇದನ್ನು ಹೊರಗೆ ಬಿಡಬಾರದೆಂದು ಕೇಳಿದೆನು.

“ಬೀದೀಲಿ ಬೆಳೆದದ್ದು, ಕೂಡಿ ಹಾಕಿದ್ರೆ ನಿಲ್ಲುತ್ಯೇ ಮೇಷ್ಟ್ರೇ?” ಎಂದರು.

“ಹಿಂದಿನ ಜಗುಲಿಗೆ ಜಾಲರಿ ಇದೆಯಲ್ಲಮ್ಮ. ಹಕ್ಕಿಮರಿ ಬೆಳೆಯೋವರೆಗೆ ಸಾಕು.”

ಅವರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಜಗುಲಿಯ ಬಾಗಿಲನ್ನು ತೆರೆದರು.

ಅಲ್ಲಿಂದ ಕೆರೆಯ ಏರಿಗೆ ನಡೆದೆನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಈ ಕೆರೆಯು ಈಗ ಹಕ್ಕಿಗಳಿಗೆ ಛತ್ರದಂತಿದೆ. ದುರ್ಬೀನಿನಲ್ಲಿ ಹೆಜ್ಜಾರ್ಲೆಗಳು ಹಡಗುಗಳಂತೆ ತೇಲುತ್ತಿದ್ದುವು. ನೀರುಕಾಗೆಗಳು ರೆಕ್ಕೆಗಳನ್ನು ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದುವು. ಹಾವಕ್ಕಿಯೊಂದು ಕತ್ತನ್ನು ಮಾತ್ರ ನೀರಿನ ಮೇಲೆತ್ತಿ ಮತ್ತೆ ಮುಳುಗಿತು. ಆದರೆ ಅಂದು ನನ್ನ ಮನಸ್ಸೆಲ್ಲ ಬಯಲಿನ ಕಡೆಗಿದ್ದಿತು. ಪಂಚತಂತ್ರದಲ್ಲಿ ಸಮುದ್ರದೊಡನೆಯೇ ಹೂಡಿ ಗೆದ್ದ ಹಕ್ಕಿಯಲ್ಲವೆ ಈ ಟಿಟ್ಟಿಭ! ನಾನು ಇನ್ನೂ ಐವತ್ತು ಹೆಜ್ಜೆ ದೂರದಲ್ಲಿರುವಾಗಲೇ ದಂಪತಿಗಳಿಬ್ಬರೂ ಮೇಲೆದ್ದು ತಲೆಯ ಮೇಲೆ ಸುತ್ತುತ್ತ ಚೀರತೊಡಗಿದುವು. ಮುಂದೆ ಹೋಗಲಿಲ್ಲ. ದುರ್ಬೀನಿನಲ್ಲಿ ನೋಡಿದರೆ ನುರುಜುಗಲ್ಲುಗಳ ನಡುವೆ ಕಲ್ಲಿನಂತೆಯೇ ಚುಕ್ಕೆಯುಳ್ಳ ನಾಲ್ಕು ಮೊಟ್ಟೆಗಳು. ಕಾವಿಗೆ ಸುಮಾರು ನಾಲ್ಕು ವಾರ ಬೇಕು. ಮರಿಗಳು ಒಡೆದು ಬಂದ ದಿನವೇ ಓಡಬಲ್ಲುವು, ಹಾರಲು ಮಾತ್ರ ಮತ್ತೂ ಕೆಲವು ವಾರ. ದಿನಚರಿಯಲ್ಲಿ ತಾರೀಖನ್ನು ಬರೆದುಕೊಂಡು ನಿಂತೆನು. ಸ್ವಲ್ಪ ಹೊತ್ತಿನ ಮೇಲೆ ಹೆಣ್ಣು ಇಳಿದು ಬಂದು, ಅತ್ತ ಇತ್ತ ನೋಡಿ, ಮೊಟ್ಟೆಗಳ ಮೇಲೆ ಕುಳಿತಿತು.

ಮರುದಿನ ಆ ತಾಯಿಯಿಂದ ಸುದ್ದಿ ಬಂದಿತು: ಬೆಕ್ಕು ರಾತ್ರಿಯೆಲ್ಲ ಜಾಲರಿಯನ್ನು ಕೆರೆದು ಗಲಾಟೆ ಮಾಡಿತಂತೆ, ಬೆಳಗ್ಗೆ ಅವರಿಟ್ಟ ಮೊಸರನ್ನವನ್ನು ಮೂಸಿಯೂ ನೋಡಲಿಲ್ಲವಂತೆ, ಮೀನು ಎಲ್ಲಿ ದೊರೆಯುವುದೆಂದು ಆ ಮಡಿವಂತರು ಈಗ ಪಕ್ಕದ ಮನೆಯವರನ್ನು ವಿಚಾರಿಸುತ್ತಿರುವರಂತೆ.