ಬಿಚ್ಚಿ ತಂದು ಕಟ್ಟಿದ ಮರದ ಗುಡ್ಡ

ಫೀನಿಕ್ಸ್ ಎಂಬ ಮರದ ರೋಲರ್ ಕೋಸ್ಟರ್ ಹತ್ತಿ ಕೂತವರ ತೊಡೆಯ ಮೇಲೆ ಬಂದು ನಿಲ್ಲುವುದು ಒಂದು ಕಬ್ಬಿಣದ ಸರಳು. ಅಕ್ಕಪಕ್ಕ ಕೂತ ಇಬ್ಬರಿಗೂ ಸೇರಿ ಒಂದೇ. ಅದು ನಿಲ್ಲುವುದೂ ಒಂದೇ ಮಟ್ಟದಲ್ಲಿ. ಕೂತವರು ದಪ್ಪಗಿರಲಿ, ಸಣ್ಣಗಿರಲಿ, ಅದಕ್ಕೆ ತಕ್ಕಂತೆ ಬಿಗಿಯಾಗುವ ಪದ್ಧತಿ ಇಲ್ಲ. ಸೀಟ್ ಬೆಲ್ಟೂ ಇಲ್ಲ. ಹೀಗಾಗಿ ಸರಳಿಗೂ ತೊಡೆಗೂ ನಡುವೆ ಒಂದಷ್ಟು ಜಾಗ ಉಳಿದುಬಿಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಎಲಿಸ್‌ಬರ್ಗ್ ಎಂಬ ಸಣ್ಣ ಊರನ್ನು ರೋಲರ್ ಕೋಸ್ಟರ್ ಹುಚ್ಚಿನವರು ದೂರದೂರದಿಂದ ಹುಡುಕಿಕೊಂಡು ಬರುವುದು ಆ ಜಾಗದ ಆಸೆಗೆ.

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದಾಗ ಡ್ರೈವರು ಹಂಪ್ ಗಮನಿಸದೆ ಓಡಿಸಿದರೆ ಕೂತಲ್ಲಿಂದ ಅರೆಕ್ಷಣ ಮೇಲೆದ್ದು ಹೊಟ್ಟೆಯೊಳಗೆ ಏನೋ ಜುಮ್ಮೆನ್ನುತ್ತದಲ್ಲ, ಕೋಸ್ಟರ್ ಮಂದಿ ಅದನ್ನೇ ‘ಏರ್‌ಟೈಮ್’ ಎನ್ನುತ್ತಾರೆ. ಬಸ್ಸಿನಲ್ಲಿ ಅದಕ್ಕೆ ಬೈಗುಳ ಸಿಗುತ್ತದೆ, ಇಲ್ಲಿ ಅದಕ್ಕೇ ದುಡ್ಡು. ಬಿಡದಿಯ ವಂಡರ್‌ಲಾದಲ್ಲಿ ‘ರಿಕಾಯಿಲ್’ ಹತ್ತಿದವರಿಗೆ ಭುಜದ ಮೇಲಿಂದ ಇಳಿದು ಎದೆಯನ್ನು ಹಿಡಿದಿಡುವ ಪಟ್ಟಿ ಪರಿಚಿತ. ತಲೆಕೆಳಗಾಗಿ ಸುತ್ತುವ ಉಕ್ಕಿನ ಕೋಸ್ಟರಿಗೆ ಅಂಥ ಬಿಗಿ ಹಿಡಿತ ಬೇಕು. ಮರದ ಕೋಸ್ಟರಿನ ಸುಖ ಬೇರೆ. ದಿಬ್ಬದ ನೆತ್ತಿಯಲ್ಲಿ ಬಂಡಿ ಕೆಳಕ್ಕೆ ಬಾಗಿದಾಗ ಮೈ ಮಾತ್ರ ಇನ್ನೂ ಮೇಲಕ್ಕೇ ಹೊರಟಿರುತ್ತದೆ. ಆಗ ಸೀಟು ಬಿಟ್ಟು ಏಳುವುದಕ್ಕೆ ಮೈಗೆ ಎಡೆ ಸಿಗಬೇಕು. ಈಚೆಗೆ ಹೆಚ್ಚಿನ ಪಾರ್ಕುಗಳು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ, ಕಟಕಟನೆ ಬಿಗಿಯಾಗುವ ಸರಳು ಹಾಕಿಬಿಟ್ಟಿವೆ. ಫೀನಿಕ್ಸ್ ಮಾತ್ರ ಹಳೆಯ ಸರಳನ್ನು ಉಳಿಸಿಕೊಂಡಿದೆ.

ಎತ್ತರದಲ್ಲಿ ಅದು ಏನೇನೂ ಅಲ್ಲ. 78 ಅಡಿ, ಅಂದರೆ ಸುಮಾರು 24 ಮೀಟರ್. ವೇಗ ಗಂಟೆಗೆ 72 ಕಿಲೋಮೀಟರ್ ಆಸುಪಾಸು. ಹಳಿಯ ಉದ್ದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಿಲ್ದಾಣ ಬಿಟ್ಟ ಬಂಡಿ ನೇರ ಗುಡ್ಡ ಹತ್ತುವುದಿಲ್ಲ, ಮೊದಲು ಕಗ್ಗತ್ತಲ ಸುರಂಗದೊಳಗೆ ನುಗ್ಗುತ್ತದೆ. ಹೊರಗೆ ಬಂದ ಮೇಲೆ ಸರಪಳಿ ಅದನ್ನು ಎಳೆದೊಯ್ದು ನೆತ್ತಿಯಲ್ಲಿ ಬಿಡುತ್ತದೆ. ಅಲ್ಲಿಂದ ಮುಂದೆ ಮೋಟಾರಿಲ್ಲ, ಎಲ್ಲ ಭೂಮಿಯ ಸೆಳೆತ. ಹೋಗಿ ತಿರುಗಿ ಬಂದು, ಮತ್ತೆ ಹೋಗಿ ತಿರುಗಿ, ಕೊನೆಯ ಸಾಲು ದಿಬ್ಬಗಳಿಗೆ ಬರುವಷ್ಟರಲ್ಲಿ ಹತ್ತಿದವರು ಸೀಟಿನಲ್ಲಿ ಇದ್ದದ್ದಕ್ಕಿಂತ ಮೇಲೆದ್ದದ್ದೇ ಹೆಚ್ಚು ಎಂದು ಆಣೆ ಹಾಕಿ ಹೇಳುವವರಿದ್ದಾರೆ. ‘ಅಮ್ಯೂಸ್‌ಮೆಂಟ್ ಟುಡೇ’ ಪತ್ರಿಕೆ ವರ್ಷವರ್ಷವೂ ನಡೆಸುವ ಮತದಾನದಲ್ಲಿ 2018ರಲ್ಲಿ ಜಗತ್ತಿನ ಅತ್ಯುತ್ತಮ ಮರದ ಕೋಸ್ಟರ್ ಎಂಬ ಪಟ್ಟ ಸಿಕ್ಕಿದ್ದು ಇದಕ್ಕೇ. ಅಷ್ಟು ಹೊತ್ತಿಗೆ ಅದರ ವಯಸ್ಸು ಎಪ್ಪತ್ತು ದಾಟಿತ್ತು.

ಎಪ್ಪತ್ತರಲ್ಲಿ ಮೊದಲರ್ಧ ಕಳೆದದ್ದು ಇಲ್ಲಲ್ಲ, ಟೆಕ್ಸಸ್‌ನಲ್ಲಿ. ಸ್ಯಾನ್ ಆಂಟೋನಿಯೋ ನಗರದ ಪ್ಲೇಲ್ಯಾಂಡ್ ಪಾರ್ಕಿಗಾಗಿ 1947ರಲ್ಲಿ ಫಿಲಡೆಲ್ಫಿಯಾ ಟೊಬಾಗನ್ ಕಂಪನಿ ಕಟ್ಟಿದ ಕೋಸ್ಟರ್ ಇದು, ವಿನ್ಯಾಸ ಹರ್ಬರ್ಟ್ ಷ್ಮೆಕ್ ಅವರದು. ಆಗ ಇದರ ಹೆಸರು ‘ರಾಕೆಟ್’. 1980ರಲ್ಲಿ ಪ್ಲೇಲ್ಯಾಂಡ್ ಬಾಗಿಲು ಹಾಕಿತು. ಕೊಳ್ಳುವವರಿಲ್ಲದೆ ರಾಕೆಟ್ ಮಳೆಬಿಸಿಲಿಗೆ ನಿಂತೇ ಇತ್ತು.

ಅದನ್ನು ಕೇಳಿಕೊಂಡು ಬಂದವರು ಎಲಿಸ್‌ಬರ್ಗ್‌ನ ಡಿಕ್ ಕನೋಬಲ್. ಅವರದು ಕುಟುಂಬದ ಪಾರ್ಕು, ಹೆಸರೂ ಕನೋಬಲ್ಸ್. ದೊಡ್ಡ ಕೋಸ್ಟರ್ ಒಂದು ಬೇಕಿತ್ತು, ಹೊಸದನ್ನೇ ಕಟ್ಟಿಸುವ ಬದಲು ಹಳೆಯದನ್ನು ತರುವ ಯೋಚನೆ ಮಾಡಿದರು. ಕೆಲಸಕ್ಕೆ ಸಿಕ್ಕಿದವರು ಚಾರ್ಲ್ಸ್ ಡಿನ್. ಓಹಿಯೋದ ಕಿಂಗ್ಸ್ ಐಲೆಂಡ್ ಪಾರ್ಕಿನಲ್ಲಿ 1979ರಲ್ಲಿ ‘ಬೀಸ್ಟ್’ ಎಂಬ ದೈತ್ಯ ಮರದ ಕೋಸ್ಟರ್ ಎದ್ದಾಗ ಕಟ್ಟುವ ಕೆಲಸದಲ್ಲಿ ಪಳಗಿದ್ದ ಮನುಷ್ಯ. ತೊಡಕು ಏನೆಂದರೆ ರಾಕೆಟ್‌ನ ಮೂಲ ನಕ್ಷೆಯೇ ಇರಲಿಲ್ಲ. ಯಾವ ತೊಲೆ ಯಾವ ಕಂಬಕ್ಕೆ, ಯಾವ ತಿರುವು ಎಷ್ಟು ವಾಲಬೇಕು ಎಂದು ಹೇಳುವ ಒಂದು ಹಾಳೆಯೂ ಇಲ್ಲ. ನಿಂತಿರುವ ಕೋಸ್ಟರೇ ನಕ್ಷೆ. ಅದನ್ನು ಬಿಚ್ಚಿದ ಕ್ಷಣ ನಕ್ಷೆಯೂ ಹೋಯಿತು.

ಉಳಿದ ದಾರಿ ಒಂದೇ. ಬಿಚ್ಚುವ ಮೊದಲು ಹಲಗೆ ಹಲಗೆಗೂ ನಂಬರ್ ಕೊಟ್ಟು, ಪಟ್ಟಿಗೆ ಸೇರಿಸಿ, ಆಮೇಲೆ ಒಂದೊಂದಾಗಿ ಇಳಿಸುವುದು. ಮರದ ಕೋಸ್ಟರ್ ಎಂದರೆ ಸಾವಿರಾರು ತುಂಡುಗಳ ಕಾಡು. ನೋಡಲು ಒಂದೇ ಥರ, ಅಳತೆಯಲ್ಲಿ ಒಂದರಂತೆ ಇನ್ನೊಂದಿಲ್ಲ. ಕಾಲಿಂಚು ಹೆಚ್ಚುಕಡಿಮೆಯಾದರೂ ಬಂಡಿ ಜಾಡಿಸುತ್ತದೆ. ಅಷ್ಟನ್ನೂ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿಸಿ, ನಂಬರ್ ನೋಡಿ ನೋಡಿ ಜೋಡಿಸಿದರು. 1985ರ ಜೂನ್ 15ರಂದು ಕೋಸ್ಟರ್ ಮತ್ತೆ ಓಡಿತು. ಬೂದಿಯಿಂದೆದ್ದ ಹಕ್ಕಿಯ ಹೆಸರಿಟ್ಟದ್ದು ಆಗಲೇ. ಹೆಸರು ಸ್ವಲ್ಪ ಸಿನಿಮೀಯ ಅನ್ನಿಸಬಹುದು, ಆದರೆ ಇಟ್ಟವರಿಗೆ ಆ ಹಕ್ಕಿದೆ.

ಮರದ ಕೋಸ್ಟರನ್ನು ಕಟ್ಟಿ ಮುಗಿಸಿದೆ ಎನ್ನುವ ದಿನವೇ ಇಲ್ಲ. ಹಲಗೆಯ ಮೇಲೆ ಹಲಗೆ ಜೋಡಿಸಿದ ಹಳಿ, ಅದರ ನೆತ್ತಿಗೆ ಉಕ್ಕಿನ ಪಟ್ಟಿ, ಅದರ ಮೇಲೆ ಗಾಲಿ. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಬೆಳಿಗ್ಗೆ ಪಾರ್ಕು ತೆರೆಯುವ ಮುಂಚೆ ಕೆಲಸದವರು ಹಳಿಯುದ್ದಕ್ಕೂ ನಡೆದು ನೋಡಬೇಕು. ಚಳಿಗಾಲದ ರಜೆಯಲ್ಲಿ ಸವೆದ ಹಳಿಯನ್ನು ಕಿತ್ತು ಹೊಸದು ಹಾಕಬೇಕು. ಗಾಲಿಗಳು ಮೂರು ಬಗೆ: ಹಳಿಯ ಮೇಲೆ ಉರುಳುವುದು, ಪಕ್ಕದಲ್ಲಿ ಹಿಡಿಯುವುದು, ಅಡಿಯಲ್ಲಿ ನಿಂತು ಬಂಡಿ ಮೇಲಕ್ಕೆ ಹಾರದಂತೆ ತಡೆಯುವುದು. ಈ ಮೂರನೆಯದಕ್ಕೆ ಜಾನ್ ಮಿಲ್ಲರ್ ಎಂಬ ವಿನ್ಯಾಸಕ 1919ರಲ್ಲಿ ಪೇಟೆಂಟ್ ಪಡೆದದ್ದರಿಂದಲೇ 1920ರ ದಶಕದ ಕೋಸ್ಟರುಗಳು ಅಷ್ಟು ಧೈರ್ಯ ಮಾಡಿದವು.

ಅಡಿಗಾಲಿ ಇಲ್ಲದ ಕಾಲದ ಕೋಸ್ಟರೂ ಇದೇ ಪೆನ್ಸಿಲ್ವೇನಿಯಾದಲ್ಲಿದೆ. ಆಲ್ಟೂನಾ ಊರಿನ ‘ಲೀಪ್ ದಿ ಡಿಪ್ಸ್’ 1902ರದು, ಈಗ ಉಳಿದಿರುವ ಕೋಸ್ಟರುಗಳಲ್ಲೆಲ್ಲ ಹಿರಿಯದು. ಎಲಿಸ್‌ಬರ್ಗ್‌ನಲ್ಲಿ ಫೀನಿಕ್ಸ್ ಎದ್ದ 1985ರಲ್ಲೇ ಅದು ನಿಂತುಹೋಗಿ, ರಿಪೇರಿಯಾಗಿ ಮತ್ತೆ ಓಡಲು 1999 ಬರಬೇಕಾಯಿತು.

ಕನೋಬಲ್ಸ್ ಪಾರ್ಕಿನ ಚರಿತ್ರೆಯನ್ನು ಕುಟುಂಬ ಹೇಳಿಕೊಳ್ಳುವುದು ಹೀಗೆ. 1828ರಲ್ಲಿ ಪಾದ್ರಿಯೊಬ್ಬರು ತೊರೆ ಪಕ್ಕದ ಜಮೀನು ಕೊಂಡರು. ಅವರ ವಂಶದವರು ಬೇಸಾಯ, ಮರದ ವ್ಯಾಪಾರ ಮಾಡಿಕೊಂಡಿದ್ದರು. ಮೊಮ್ಮಗ ಹೆನ್ರಿಯ ಕಾಲಕ್ಕೆ ಆ ತೊರೆಯ ಮಡುವಿನಲ್ಲಿ ಈಜಲು ಜನ ಗಾಡಿ ಕಟ್ಟಿಕೊಂಡು ಬರತೊಡಗಿದಾಗ, ಅವರ ಕುದುರೆಗಳಿಗೆ ನೀರು ಮೇವು ಕೊಟ್ಟು ಮೈ ತಿಕ್ಕಿ ತಲೆಗೆ 25 ಸೆಂಟ್ ತೆಗೆದುಕೊಂಡರಂತೆ. 1926ರ ಜುಲೈ 4ರಂದು ಈಜುಕೊಳ ತೆರೆಯಿತು, ಪಾರ್ಕು ಶುರುವಾಯಿತು. 1972ರಲ್ಲಿ ಆಗ್ನೆಸ್ ಚಂಡಮಾರುತದ ನೆರೆ ಪಾರ್ಕನ್ನು ಮುಳುಗಿಸಿತು. ಮರುವರ್ಷವೇ ಹೊಸ ಭೂತಬಂಗಲೆ ತಲೆಯೆತ್ತಿತು.

ಒಳಗೆ ಹೋಗಲು ಟಿಕೆಟ್ ಇಲ್ಲ. ಕಾರು ನಿಲ್ಲಿಸುವುದಕ್ಕೂ ದುಡ್ಡಿಲ್ಲ. ಬುತ್ತಿ ತಂದು ಮರದಡಿ ಕೂತು ಉಂಡು, ಮೊಮ್ಮಕ್ಕಳು ಆಡುವುದನ್ನು ನೋಡಿಕೊಂಡು ಸಂಜೆ ಮನೆಗೆ ಹೋಗುವ ಅಜ್ಜಿಗೆ ಒಂದು ಸೆಂಟೂ ಖರ್ಚಾಗುವುದಿಲ್ಲ. ಹತ್ತಿದ ಆಟಕ್ಕೆ ಮಾತ್ರ ಹಣ. ಗೇಟಿನಲ್ಲೇ ದೊಡ್ಡ ಮೊತ್ತ ಕಿತ್ತುಕೊಳ್ಳುವ, ಆಮೇಲೆ ಕ್ಯೂ ತಪ್ಪಿಸಲು ಇನ್ನೊಂದು ಟಿಕೆಟ್ ಮಾರುವ ದೊಡ್ಡ ಕಂಪನಿಗಳ ಪಾರ್ಕು ನೋಡಿ ಬಂದವರಿಗೆ ಇದೊಂದು ಸಮಾಧಾನ. ಇಲ್ಲಿನ ಹಳೆಯ ಮರದ ಕುದುರೆಗಳ ತಿರುಗಣಿಯಲ್ಲಿ ಹೊರಸಾಲಿನವರು ತಿರುಗುತ್ತಲೇ ಕೈಚಾಚಿ ಉಂಗುರ ಕೀಳಬಹುದು, ಹಿತ್ತಾಳೆಯದು ಸಿಕ್ಕರೆ ಇನ್ನೊಂದು ಸುತ್ತು ಪುಕ್ಕಟೆ. ಇಂಥ ಆಟ ಅಮೆರಿಕದಲ್ಲೂ ಈಗ ಅಪರೂಪ.

ಹಳೆಯದರ ಮೋಹ ಇವರಿಗೆ ಕೆಲವೊಮ್ಮೆ ದುಬಾರಿಯೂ ಆಗಿದೆ. ಡೆನ್ವರಿನ ‘ಮಿಸ್ಟರ್ ಟ್ವಿಸ್ಟರ್’ ಕೋಸ್ಟರನ್ನೂ ತರಬೇಕೆಂದಿದ್ದರು, ಆಗಲಿಲ್ಲ; ಅದರ ವಿನ್ಯಾಸ ಇಟ್ಟುಕೊಂಡು 1999ರಲ್ಲಿ ತಾವೇ ‘ಟ್ವಿಸ್ಟರ್’ ಕಟ್ಟಿದರು. 1929ರಲ್ಲಿ ಓಹಿಯೋದಲ್ಲಿ ಹುಟ್ಟಿ ಕಾಲಕ್ರಮದಲ್ಲಿ ಕಣ್ಮರೆಯಾಗಿದ್ದ ‘ಫ್ಲೈಯಿಂಗ್ ಟರ್ನ್ಸ್’ ಎಂಬ ಬಗೆಯ ಆಟವನ್ನು ಮತ್ತೆ ಕಟ್ಟಲು 2006ರಲ್ಲಿ ಕೈಹಾಕಿದರು. ಅದರಲ್ಲಿ ಹಳಿ ಇಲ್ಲ, ಮರದ ದೋಣಿಯಂಥ ಕಾಲುವೆಯೊಳಗೆ ಬಂಡಿ ಗೋಡೆ ಹತ್ತಿ ಇಳಿಯುತ್ತ ಓಡಬೇಕು. ಬಂಡಿ ಭಾರವಾಯಿತು, ಗಾಲಿ ಕಾದವು, ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಜನ ಹತ್ತಿದ್ದು 2013ರ ಅಕ್ಟೋಬರಿನಲ್ಲಿ. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿ ಎರಡನೇ ವರ್ಷಕ್ಕೇ ಕೈಚೆಲ್ಲುತ್ತಿತ್ತು.

ಕೋಸ್ಟರ್ ಹುಚ್ಚಿಗೂ ಸಂಘವಿದೆ. 1977ರಲ್ಲಿ ‘ರೋಲರ್‌ಕೋಸ್ಟರ್’ ಸಿನಿಮಾದ ಪ್ರಚಾರಕ್ಕೆಂದು ವರ್ಜೀನಿಯಾದ ಕಿಂಗ್ಸ್ ಡೊಮಿನಿಯನ್ ಪಾರ್ಕಿನಲ್ಲಿ ನಡೆದ ಮ್ಯಾರಥಾನ್ ಸವಾರಿಯಲ್ಲಿ ಭೇಟಿಯಾದವರು ಮರುವರ್ಷ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಕಟ್ಟಿದರು. ಇಂಥವರ ಹರಟೆ ಕೇಳಬೇಕು. ಮುಂದಿನ ಸಾಲೋ ಹಿಂದಿನ ಸಾಲೋ ಎಂಬ ಒಂದೇ ವಿಷಯಕ್ಕೆ ಮಧ್ಯಾಹ್ನ ಕಳೆಯುತ್ತದೆ. ಮುಂದೆ ಕೂತವರು ನೆತ್ತಿಯಲ್ಲಿ ತೂಗಿ ನಿಲ್ಲುತ್ತಾರೆ, ಹಿಂದೆ ಕೂತವರನ್ನು ಮುಂದಿನ ಬಂಡಿಗಳ ಭಾರ ಸೆಳೆದು ಕೆಳಕ್ಕೆ ಎಸೆಯುತ್ತದೆ. ಸಂಜೆ ಗಾಲಿಯ ಗ್ರೀಸು ಬಿಸಿಯೇರಿದ ಮೇಲೆ ಓಟದ ರುಚಿಯೇ ಬೇರೆ ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ.

ಎತ್ತರದ ದಾಖಲೆಗಳ ಬಗ್ಗೆ ಇವರಲ್ಲಿ ಅನೇಕರಿಗೆ ಉದಾಸೀನ, ಅದಕ್ಕೆ ಕಾರಣವೂ ಇದೆ. ನ್ಯೂಜೆರ್ಸಿಯ ‘ಕಿಂಗ್ಡಾ ಕಾ’ 2005ರಲ್ಲಿ 139 ಮೀಟರ್ ಎತ್ತರ, ಗಂಟೆಗೆ 206 ಕಿಲೋಮೀಟರ್ ವೇಗದೊಂದಿಗೆ ಜಗತ್ತನ್ನೇ ಬೆರಗಾಗಿಸಿತ್ತು. 2025ರ ಫೆಬ್ರವರಿ 28ರಂದು ಸ್ಫೋಟಕ ಇಟ್ಟು ಅದನ್ನು ನೆಲಕ್ಕುರುಳಿಸಿದರು. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಡಿನ್ ಕಥೆಯಲ್ಲೂ ಇಂಥದೊಂದು ತಿರುವಿದೆ. ಫೀನಿಕ್ಸ್ ಗೆದ್ದ ಮೇಲೆ ಅವರ ಕಂಪನಿಗೆ ಕೆಲಸದ ಮೇಲೆ ಕೆಲಸ ಬಂತು. ಟೆಕ್ಸಸ್‌ನ ‘ಟೆಕ್ಸಸ್ ಜಯಂಟ್’, ಸೀಡರ್ ಪಾಯಿಂಟ್ ಪಾರ್ಕಿನ ‘ಮೀನ್ ಸ್ಟ್ರೀಕ್’ ಎಂದು ದೊಡ್ಡದಕ್ಕಿಂತ ದೊಡ್ಡದು ಕಟ್ಟಿದರು. ಬರಬರುತ್ತ ಅವೆರಡೂ ಕುಲುಕಾಟಕ್ಕೇ ಹೆಸರಾದವು. ಕೊನೆಗೆ ಮರದ ಹಳಿ ತೆಗೆದು ಉಕ್ಕಿನದು ಹಾಕಿದರು. ಅವರ ಕೈಯಲ್ಲಿ ಹುಟ್ಟಿದ ದೈತ್ಯರು ಹೀಗೆ ರೂಪ ಕಳೆದುಕೊಂಡರೆ, ಅವರ ಕೈ ಉಳಿಸಿದ ಮುದುಕ ಇನ್ನೂ ಓಡುತ್ತಿದ್ದಾನೆ.

ಉಳಿಸಿದ್ದು ಒಂದನ್ನೇ ಅಲ್ಲ. ಮ್ಯಾಸಚೂಸೆಟ್ಸ್‌ನ ಕಡಲತೀರದ ಪ್ಯಾರಗನ್ ಪಾರ್ಕು ಮುಚ್ಚಿದಾಗ ಅಲ್ಲಿದ್ದ 1917ರ ‘ಜಯಂಟ್ ಕೋಸ್ಟರ್’ ಕೂಡ ಹೀಗೇ ಮೇರಿಲ್ಯಾಂಡಿನ ಒಂದು ಪಾರ್ಕಿಗೆ ಹೋಯಿತು. ಡಿನ್ ಕಂಪನಿ ಅಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ್ದು 1986ರಲ್ಲಿ, ‘ವೈಲ್ಡ್ ಒನ್’ ಎಂಬ ಹೊಸ ಹೆಸರಿನಲ್ಲಿ. ಆ ಪಾರ್ಕು ಮುಂದೆ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಆಯಿತು. 2025ರ ನವೆಂಬರ್ 2ರಂದು ಅದೂ ಮುಚ್ಚಿತು. ವಾಷಿಂಗ್ಟನ್ನಿಗೆ ಹತ್ತಿರದ ಜಮೀನು, ಪಾರ್ಕಿನ ಕಂಪನಿಗೆ ಆಟಗಳಿಗಿಂತ ನೆಲದ ಬೆಲೆಯೇ ದೊಡ್ಡದಾಗಿ ಕಂಡಿದೆ. ಮರದ ಕೋಸ್ಟರ್ ಕಟ್ಟಬಲ್ಲ ಕೈಗಳು ಈಗಲೂ ಇವೆ, ಅಂಥದೊಂದು ಕಂಪನಿ ಎಲಿಸ್‌ಬರ್ಗ್‌ನ ನೆರೆಯ ಸನ್‌ಬರಿಯಲ್ಲೇ ಇದೆ. ಹಲಗೆಗಳಿಗೆ ಇನ್ನೊಮ್ಮೆ ನಂಬರ್ ಹಾಕಬಲ್ಲವರು ಸಿಗುತ್ತಾರೆ. ಹಳೆಯ ಕೋಸ್ಟರ್ ಕೇಳಿಕೊಂಡು ಅಷ್ಟು ದೂರ ಬರುವ ಇನ್ನೊಬ್ಬ ಡಿಕ್ ಕನೋಬಲ್ ಸಿಗುವುದು ಕಷ್ಟ.