ಪಾರ್ತಿಸುಬ್ಬನ ಪದ, ವೆಸಾಲಿಯಸನ ಕತ್ತಿ

ತೆಂಕುತಿಟ್ಟಿನವರಿಗೆ ಕುಂಬಳೆಯ ಪಾರ್ತಿಸುಬ್ಬನೆಂದರೆ ಯಕ್ಷಗಾನದ ಮೂಲಪುರುಷ. ಅವನ ಹೆಸರಿನಲ್ಲಿರುವ ‘ಪಂಚವಟಿ’, ‘ವಾಲಿಸಂಹಾರ’ಗಳು ಇಂದಿಗೂ ಆಟದಲ್ಲೂ ತಾಳಮದ್ದಳೆಯಲ್ಲೂ ಓಡುತ್ತವೆ. ಆದರೆ ಈ ರಾಮಾಯಣ ಪ್ರಸಂಗಗಳನ್ನು ಬರೆದವನು ಅವನೇ ಹೌದೇ? 1945ರಲ್ಲಿ ‘ಪಾರ್ತಿಸುಬ್ಬ’ ಎಂಬ ಪುಸ್ತಕವನ್ನೇ ಬರೆದ ಮುಳಿಯ ತಿಮ್ಮಪ್ಪಯ್ಯನವರು ಹೌದೆಂದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಕರ್ತೃ ಕುಂಬಳೆಯವನಲ್ಲ, ಬ್ರಹ್ಮಾವರದ ಕಡೆಯ ಅಜಪುರದ ಸುಬ್ಬ ಎಂಬುದು ಅವರ ವಾದ.

ಊರಿನ ಅಭಿಮಾನದಿಂದ ತೀರ್ಮಾನವಾಗುವ ಸಂಗತಿ ಇದಲ್ಲ. ಕೃತಿಯನ್ನೇ ಪದರ ಪದರವಾಗಿ ಬಿಡಿಸಿ ನೋಡಬೇಕು. ಮೇಲ್ಪದರದಲ್ಲಿ ಸಿಗುವುದು ಸ್ತುತಿಪದ್ಯ, ಅಂಕಿತ. ಕುಂಬಳೆಯ ಕಣಿಪುರ ಗೋಪಾಲಕೃಷ್ಣನ ಹೆಸರು. ಅದೊಂದನ್ನೇ ನಂಬುವಂತಿಲ್ಲ. ಪ್ರತಿ ಮಾಡುವವನು ತನ್ನೂರ ದೇವರನ್ನು ತಂದು ಕೂರಿಸುವುದು ಕಷ್ಟವೇನಲ್ಲ. ಅದರ ಕೆಳಗೆ ತೊರವೆ ರಾಮಾಯಣದ ಪ್ರಭಾವ. ಇನ್ನೂ ಒಳಗೆ ಇಳಿದಾಗ ಸಿಕ್ಕಿದ್ದು ಮಲಯಾಳ. ಕೊಟ್ಟಾರಕ್ಕರ ತಂಬುರಾನನ ‘ರಾಮನಾಟ್ಟಂ’ ಪುತ್ರಕಾಮೇಷ್ಟಿ, ಸೀತಾಸ್ವಯಂವರದಿಂದ ಯುದ್ಧದವರೆಗೆ ಎಂಟು ಭಾಗಗಳ ಕಥಕಳಿ ಸಾಹಿತ್ಯ. ನಮ್ಮ ಪ್ರಸಂಗಗಳು ಅದರ ಜಾಡಿನಲ್ಲೇ ಸಾಗುತ್ತವೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ವಾದಿಸಿದವರು ಕುಕ್ಕಿಲ ಕೃಷ್ಣ ಭಟ್ಟರು. ಅವರು ಸಂಪಾದಿಸಿದ ‘ಪಾರ್ತಿಸುಬ್ಬನ ಯಕ್ಷಗಾನಗಳು’ 1975ರಲ್ಲಿ ಹೊರಬಂತು. ಮಲಯಾಳವನ್ನು ಕೇಳಿ ಬೆಳೆದ ಕನ್ನಡ ಕವಿ ಎಲ್ಲಿಯವನಿರಬಹುದು? ಮಲಯಾಳದ ಗಡಿಗೆ ಅಂಟಿಕೊಂಡ ಕುಂಬಳೆಯ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ಕಾಣದು.

ವೈದ್ಯ ವಿದ್ಯಾರ್ಥಿ ಕಲಿಯುವುದೂ ಹೀಗೆಯೇ. ಪುಸ್ತಕದ ಚಿತ್ರದಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಫಾರ್ಮಲಿನ್‌ನಲ್ಲಿಟ್ಟ ದೇಹದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಂಕು ಬಣ್ಣ. ಮುಂಗೈಯ ಚರ್ಮ ತೆಗೆದು, ಕೊಬ್ಬು ಸರಿಸಿ, ಸ್ನಾಯುಗಳ ಎರಡು ಪದರಗಳ ನಡುವೆ ಬೆರಳಾಡಿಸಿದಾಗಲೇ ಮೀಡಿಯನ್ ನರ ಸಿಗುವುದು. ಕತ್ತಿಗಿಂತ ಚಿಮಟ, ಬೆರಳುಗಳದ್ದೇ ಅಲ್ಲಿ ಹೆಚ್ಚು ಕೆಲಸ. ಶವವನ್ನು ಬಿಡಿಸಿ ನೋಡಲು ಸುಶ್ರುತ ಸಂಹಿತೆ ಕತ್ತಿಯನ್ನು ಹೇಳುವುದೇ ಇಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗೆ ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಲಾವಂಚದ ಬೇರು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಚರ್ಮದಿಂದ ಒಳಕ್ಕೆ ಒಂದೊಂದನ್ನೂ ಕಣ್ಣಾರೆ ನೋಡಬೇಕು ಎನ್ನುತ್ತದೆ.

ನೋಡದೆ ಹೋದರೆ ಏನಾಗುತ್ತದೆಂಬುದಕ್ಕೆ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಸಾಕ್ಷಿ. ಅವನು ಕೊಯ್ದದ್ದು ಕೋತಿ, ಹಂದಿಗಳನ್ನು. ಮನುಷ್ಯನ ಕೆಳದವಡೆ ಎರಡು ಎಲುಬುಗಳದ್ದು ಎಂದ. ಯುರೋಪು ಸಾವಿರಕ್ಕೂ ಹೆಚ್ಚು ವರ್ಷ ಅದನ್ನೇ ಓದಿತು. ಒಂದೇ ಎಲುಬು ಎಂದು 1543ರ ತನ್ನ ಗ್ರಂಥದಲ್ಲಿ ತೋರಿಸಿದವನು ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್. ಮನುಷ್ಯದೇಹವನ್ನು ಸ್ವಂತ ಕೈಯಿಂದ ಬಿಡಿಸಿದ್ದರಿಂದ ಅದು ಸಾಧ್ಯವಾಯಿತು.

ಬಿಡಿಸುವುದು ಅಗೌರವ ಎಂಬ ಅಳುಕು ಎರಡೂ ಕಡೆ ಇದೆ. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ, ದೇಹದಾನ ಮಾಡಿದ್ದ ತಂದೆಯ ಇಚ್ಛೆಯಂತೆ, ವಿದ್ಯಾರ್ಥಿಗಳೆದುರು ತಾವೇ ಅವರ ದೇಹವನ್ನು ಛೇದಿಸಿ ಪಾಠ ಮಾಡಿದರು. ಅದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? ಪಾರ್ತಿಸುಬ್ಬನನ್ನು ಪ್ರಶ್ನಿಸಿದ ಕಾರಂತರೂ ಯಕ್ಷಗಾನಕ್ಕೆ ಉಪಕಾರವನ್ನೇ ಮಾಡಿದರು. ಅವರ ಸಂಶಯಕ್ಕೆ ಉತ್ತರ ಹುಡುಕುವಾಗಲೇ ಪ್ರಸಂಗಗಳ ಒಳರಚನೆ ಇಷ್ಟು ಸ್ಪಷ್ಟವಾಗಿ ಕಂಡದ್ದು.

ಆದರೆ ಬಿಡಿಸಲು ಮೊದಲು ಕೃತಿ ಕೈಗೆ ಸಿಗಬೇಕು. ಕುಂಬಳೆ, ಮಧೂರು, ಮಂಜೇಶ್ವರದ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಪ್ರಸಂಗದ ಓಲೆಗರಿ, ಹಳೆಯ ಕೈಬರಹದ ಕಟ್ಟು ಇದ್ದರೆ ಗೆದ್ದಲಿಗೆ ಬಿಡಬೇಡಿ. ಕಾಸರಗೋಡು ಸರ್ಕಾರಿ ಕಾಲೇಜಿನ ಕನ್ನಡ ವಿಭಾಗದವರಿಗೆ ಒಮ್ಮೆ ತೋರಿಸಿ.